ಮೂರು ಕಿಲೋ ಕೇಕಿಗೆ ಸೂಟು

ಕೇಕಿನ ದರ ಕೇಳುವವರೆಲ್ಲ ಮೊದಲು ಸಂಬಂಧ ಹೇಳಿಕೊಳ್ಳುತ್ತಿದ್ದರು. ದರ ಕೇಳುವ ತನಕ ಆದರ, ಹೇಳಿದ ಮೇಲೆ ಅನಾದರ. ಬಳ್ಳಾರಿಯ ಗಾಂಧಿನಗರದ ಮಹಡಿ ಮನೆಯಲ್ಲಿ ಒಂದು ಓವನ್ ಇಟ್ಟುಕೊಂಡು ಹುಟ್ಟುಹಬ್ಬದ ಕೇಕು ಮಾಡಿಕೊಡುತ್ತಿದ್ದ ನಾಗಲಕ್ಷ್ಮಿಗೆ ಎರಡು ವರ್ಷದಲ್ಲಿ ಹೀಗೆ ಹುಟ್ಟಿಕೊಂಡ ತಂಗಿಯರನ್ನೆಲ್ಲ ಹತ್ತಿಸಿದರೆ ಒಂದು ಬಸ್ಸು ಸಾಲುತ್ತಿರಲಿಲ್ಲ.

"ಅಕ್ಕಾ, ನಾನು ಕುರುಗೋಡಿನ ಜ್ಯೋತಿ. ನಿಮ್ಮ ಸಣ್ಣತ್ತಿ ಮನಿ ಬಾಜೂಕಿನಾಕಿ. ನಮಗ ಮೊಟ್ಟಿ ಹಾಕಿದ್ದು ನಡಿಯಂಗಿಲ್ಲ. ಮೊಟ್ಟಿ ರೊಕ್ಕ ಕಮ್ಮಿ ಮಾಡ್ತೀರಲ್ಲ?"

"ಮೊಟ್ಟಿ ಇಲ್ದಂಗ ಉಬ್ಬಿಸಾಕ ಮೊಸರು, ಹಾಲಿನ ಪುಡಿ ಹೆಚ್ಚಿಗಿ ಬೇಕವ್ವ. ಅದಕ್ಕ ಜಾಸ್ತಿನೇ ಬೀಳತೈತಿ."

"ಅಯ್ಯ! ಹಾಕದೇ ಇರಾದಕ್ಕೂ ರೊಕ್ಕ ಕೇಳ್ತೀರಲ್ಲಕ್ಕ!"

ಕಡೆಗೆ ಕಿಲೋಗೆ ಏಳುನೂರಕ್ಕೆ ಇಳಿಯುವುದು. ಸಾಮಾನು, ಗ್ಯಾಸು, ಡಬ್ಬಿ ಸೇರಿ ಆರುನೂರು ಅವಳ ಕೈಯಿಂದಲೇ ಹೋಗುತ್ತಿತ್ತು. ಉಳಿದ ನೂರಕ್ಕೆ ಅರ್ಧ ದಿನದ ನಿಲುಗಾಲು. ತಿಂದವರದು ಕೇಕೆ, ಮಾಡಿದವಳದು ಸೊಂಟನೋವು.

ಮೊದಲು ಅವಳು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿದ್ದಳು. ಅಲ್ಲಿನ ಸೂಪರ್‌ವೈಸರ್ ಉಮಾಪತಿ ಮೊನ್ನೆ ಫೋನು ಮಾಡಿದ್ದ. ಒಂದು ಮಿಷನ್ನು ಖಾಲಿ ಇದೆ, ರವಿವಾರ ಸಂಜೆಯೊಳಗೆ ಬರುತ್ತೀನಿ ಅಂದರೆ ನಿನ್ನದೇ ಎಂದಿದ್ದ. ನಾಗಲಕ್ಷ್ಮಿ ತನ್ನೊಳಗೇ ಒಂದು ಪಣ ಕಟ್ಟಿಕೊಂಡಳು. ರವಿವಾರದೊಳಗೆ ಒಂದೇ ಒಂದು ಕೇಕು ಪೂರಾ ದರಕ್ಕೆ, ಕಿಲೋಗೆ ಒಂಬೈನೂರಕ್ಕೆ ಹೋಗಬೇಕು. ಹೋದರೆ ಓವನ್, ಇಲ್ಲದಿದ್ದರೆ ಮಿಷನ್ನು.

"ಒಂಬೈನೂರು ಅನ್ನಾಕ ಬಾಯೇ ಬರಂಗಿಲ್ಲರಿ. ಅಕ್ಕ ಅಂದುಬಿಡ್ತಾರ," ಎಂದಳು ಗಂಡನಿಗೆ.

ಟೆಂಪೋ ಓಡಿಸುವ ಹನುಮೇಶನಿಗೆ ಯಾವ ಹಳ್ಳದಲ್ಲೂ ಗಾಡಿ ದಾಟಿಸುವ ದಾರಿ ಹೊಳೆಯುತ್ತಿತ್ತು. "ನೀನು ಮಾಲಕಿ ಅಂತ ಯಾಕ ಹೇಳ್ತೀಯಲೇ? ನಾ ಕೆಲಸದಾಕಿ, ರೇಟು ಮೇಡಂ ಹೇಳ್ತಾರ ಅನ್ನು. ಆಮ್ಯಾಲ ನೀನೇ ಮೇಡಂ ಆಗು. ಕಾಲೇಜಿನಾಗ ನಿಮ್ಮ ಇಂಗ್ಲಿಷ್ ಮೇಡಂ ದನಿ ತಗಿತಿದ್ದಿಯಲ್ಲ, ಅದನ್ನ ತಗಿ."

ಮರುದಿನವೇ ಸಿರುಗುಪ್ಪದಿಂದ ಶಿವಬಸಮ್ಮ ಎಂಬುವವರ ಫೋನು ಬಂತು. ಭತ್ತದ ವ್ಯಾಪಾರಿಗಳ ಮನೆ; ಮೊಮ್ಮಗ ಶರಣನ ಮೊದಲನೆಯ ಹುಟ್ಟುಹಬ್ಬ, ರವಿವಾರ ಮಧ್ಯಾಹ್ನ; ಮೂರು ಕಿಲೋ ಬೇಕು.

"ತಂಗಿ, ನೀ ತೆಕ್ಕಲಕೋಟಿಯಾಕಿ ಅಂತಲ್ಲ. ಅಂದ್ರ ನಮ್ಮಾಕೀನೇ ಆದಿ. ನೋಡಿ ಹೇಳು."

"ರೇಟು ನಾ ಹೇಳಂಗಿಲ್ಲರಿ ಅಮ್ಮಾ. ಅರುಣಾ ಮೇಡಂಗ ಕೊಡ್ತೀನಿ," ಎಂದು ಫೋನಿಗೆ ಅಂಗೈ ಮುಚ್ಚಿ, ಮೂರು ಹೆಜ್ಜೆ ಸಿಂಕಿನ ಕಡೆ ಹೋಗಿ, ಮೂರು ಹೆಜ್ಜೆ ವಾಪಸು ಬಂದು, ಮೂಗಿನಿಂದ ಶುರು ಮಾಡಿದಳು: "ಯೆಸ್, ಅರುಣಾ ಹಿಯರ್. ಕೆಜಿಗೆ ನೈನ್ ಹಂಡ್ರೆಡ್ ಆಗುತ್ತೆ. ನೋ ಡಿಸ್ಕೌಂಟ್ ಪ್ಲೀಸ್."

"ಆಗ್ಲಿ ಬಿಡ್ರಿ ಮೇಡಂ," ಅಂದರು ಶಿವಬಸಮ್ಮ. ತಂಗಿ ಹೋಗಿ 'ರಿ' ಬಂದಿತ್ತು. "ಮನಿಗೆ ತಂದುಕೊಡ್ತೀರಲ್ರಿ?"

"ಶೂರ್! ಅಫ್‌ಕೋರ್ಸ್!"

ಫೋನಿಟ್ಟ ಮೇಲೆ ಗೊತ್ತಾಯಿತು. ಮೇಡಂ ಉದಾರಿ, ಆದರೆ ಹೊರುವವಳು ಅವಳಲ್ಲ.

ರವಿವಾರ ಟೆಂಪೋ ಲೋಡಿಗೆ ಹೋಗಿತ್ತು. ಬೆಳಗ್ಗೆಯೇ ಕರೆಂಟು ಕೈಕೊಟ್ಟು, ಬಳ್ಳಾರಿಯ ಸೆಕೆಗೆ ಕ್ರೀಮು ಎರಡು ಸಲ ಜಾರಿ, ಮೂರನೆಯ ಸಲ ಐಸಿನ ಮೇಲೆ ಪಾತ್ರೆ ಇಟ್ಟು ಕಡೆದು ಕೂಡಿಸಿದಳು. ಮೇಲೆ ಶರಣನ ಹೆಸರು ಬರೆದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸಿರುಗುಪ್ಪದ ಬಸ್ಸಿನಲ್ಲಿ ಕುಳಿತಳು.

ಕಂಡಕ್ಟರ್ ಡಬ್ಬಿಯನ್ನೊಮ್ಮೆ ನೋಡಿದ. "ನಿಮಗ ಫ್ರೀ ಐತ್ರಿ. ಇದಕ್ಕ ಲಗೇಜ್ ಆಗತೈತಿ."

"ತೊಡಿ ಮ್ಯಾಲ ಐತಲ್ಲಪ್ಪ, ಕೂಸಿದ್ದಂಗ."

"ಕೂಸಿಗೆ ಆಧಾರ್ ಐತೇನ್ರಿ?"

ಹಿಂದಿನ ಸೀಟಿನವರು ನಕ್ಕರು. ನಗುವಷ್ಟು ಉಸಿರು ನಾಗಲಕ್ಷ್ಮಿಯಲ್ಲಿರಲಿಲ್ಲ. ಲಗೇಜಿನ ರೊಕ್ಕ ಕೊಟ್ಟಳು. ಪ್ರತಿ ತಗ್ಗಿಗೂ ಎರಡೂ ಕೈಯಿಂದ ಡಬ್ಬಿ ಎತ್ತಿ ಹಿಡಿಯುತ್ತ ಹೋದದ್ದಕ್ಕೆ, ಇಳಿಯುವಾಗ ಕೇಕು ನೆಟ್ಟಗಿತ್ತು, ಅವಳು ಬಾಗಿದ್ದಳು.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಶಿವಬಸಮ್ಮನವರ ಯಜಮಾನ ಮರಿಬಸಪ್ಪ ಕೇಕು ನೋಡಿದ ಕೂಡಲೇ "ಛಲೋ ಐತಿ" ಅಂದು, ಅದೇ ಉಸಿರಿನಲ್ಲಿ ಪಡಸಾಲೆಯ ಮೂಲೆಯಿಂದ ತಕ್ಕಡಿ ತರಿಸಿದರು. ಕರೆಂಟಿನ ತಕ್ಕಡಿ ಮೂರು ಕಿಲೋ ಮುನ್ನೂರು ತೋರಿಸಿತು.

"ತಳದ ಹಲಗಿಗೆ ಇನ್ನೂರು ಗ್ರಾಂ ತಗಿ. ತೇವಕ್ಕ ಕಿಲೋಕ್ಕ ನೂರು ಸೂಟು. ಎರಡು ಕಿಲೋ ಎಂಟುನೂರು ಆತು. ಚಿಲ್ಲರಿ ಬಿಡು, ಎರಡೂವರಿ ಸಾವಿರ."

ಸೂಟು ಎಂದರೆ ನಾಗಲಕ್ಷ್ಮಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಸಿ ಭತ್ತ ಒಣಗಿದರೆ ತೂಕ ಇಳಿಯುತ್ತದೆಂದು ವ್ಯಾಪಾರಿಗಳು ಮೊದಲೇ ಮುರಿದುಕೊಳ್ಳುವ ಪಾಲು ಅದು. ಅಪ್ಪ ವ್ಯಾಪಾರಿಗೆ ಭತ್ತ ಹಾಕಿ ಬಂದ ದಿನವೆಲ್ಲ ಮನೆಯಲ್ಲಿ ಅದೇ ಮಾತು ನಡೆಯುತ್ತಿತ್ತು.

"ಸಾವ್ಕಾರ್ರೆ, ಮೇಡಂ ಎರಡು ಸಾವಿರದ ಏಳುನೂರು ಅಂದಾರ್ರಿ," ಎಂದಳು.

"ಮೇಡಂಗ ನಾ ಹೇಳ್ತೀನಿ ತಗೊ," ಎಂದು ಐದು ನೋಟು ಮುಂದಿಟ್ಟರು.

ಶಿವಬಸಮ್ಮ ನೀರು ತಂದುಕೊಟ್ಟರು. ಅವಳು ಗಟಗಟ ಕುಡಿದದ್ದನ್ನು ನೋಡಿ ಪಕ್ಕದಲ್ಲೇ ಕುಳಿತರು. "ಬಸ್ಸಿನಾಗ ಬಂದೇನ? ಮುಖ ಎಷ್ಟು ಬಾಡೈತಿ! ಆ ಮೇಡಂ ನಿನಗ ಎಷ್ಟು ಕೊಡ್ತಾಳ?"

ಹಿಟ್ಟಿನ, ಸಕ್ಕರೆಯ, ಡಬ್ಬಿಗೆ ಕಟ್ಟುವ ದಾರದ ಬೆಲೆಯೂ ಅವಳಿಗೆ ಗೊತ್ತಿತ್ತು. ತನ್ನ ಕೆಲಸದ ಬೆಲೆ ಗೊತ್ತಿರಲಿಲ್ಲ. ಸುಳ್ಳು ಹೊಳೆಯದೆ, ಇಷ್ಟು ದಿನ ಕೈಗೆ ಉಳಿದದ್ದನ್ನೇ ಹೇಳಿದಳು.

"ಕಿಲೋಕ್ಕ ನೂರು ರೂಪಾಯಿ ರಿ."

"ನೂರ?" ಶಿವಬಸಮ್ಮ ಎದ್ದೇ ನಿಂತರು. "ಅಕಿ ಮನಿ ಹಾಳಾಗಲಿ! ಹತ್ತಿ ಬಿಡಸಾಕ ಹೋದ್ರೂ ಹೆಚ್ಚಿಗಿ ಕೊಡ್ತಾರ. ಏಸೀಯಾಗ ಕುಂತು ಇಂಗ್ಲಿಷ್ ಮಾತಾಡಾಕ ಬರತೈತಿ, ಬಡವಿ ಹೊಟ್ಟಿ ಮ್ಯಾಲ ಹೊಡಿಯಾಕೂ ಬರತೈತಿ! ತಗೊ, ಇದು ನೂರು, ನಿನಗ. ಅಕಿಗೆ ತೋರಿಸಬ್ಯಾಡ."

ನೂರರ ನೋಟು ಅಂಗೈಯಲ್ಲಿ ಕುಳಿತಿತ್ತು. ಇನ್ನೂರು ಮುರಿದುಕೊಂಡ ಮನೆಯವರೇ ಮರುಗಿ ಕೊಟ್ಟ ನೂರು. ಬೈಸಿಕೊಂಡವಳೂ ತಾನೇ, ಕರುಣೆ ಪಡೆದವಳೂ ತಾನೇ. ಇನ್ನೊಂದು ದನಿ ತೆಗೆಯುವಷ್ಟು ತ್ರಾಣ ಉಳಿದಿರಲಿಲ್ಲ.

"ಅಮ್ಮಾ, ಮೇಡಂ ಅಂತ ಯಾರೂ ಇಲ್ಲರಿ. ನಾನೇ. ಮಾಡಾಕಿನೂ ನಾನೇ, ಫೋನಿನಾಗ ಮಾತಾಡಿದಾಕಿನೂ ನಾನೇ."

ಶಿವಬಸಮ್ಮ ಅವಳ ಮೂಗನ್ನೇ ನೋಡಿದರು. "ನೀನ? ಆ ದನಿ?"

"ಹೌದ್ರಿ."

ಅವರು ಅವಳ ಅಂಗೈಯಲ್ಲಿದ್ದ ನೂರನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು. "ಮಾಲಕಿಗೆ ಯಾರರ ಇನಾಮು ಕೊಡ್ತಾರೇನು!"

"ಇನಾಮು ಬ್ಯಾಡ್ರಿ. ರೇಟು ಕೊಡ್ರಿ. ಎರಡು ಸಾವಿರದ ಏಳುನೂರು."

ಮರಿಬಸಪ್ಪ ನಕ್ಕರು. "ಕೊಡದಿದ್ರ? ನಮ್ಮ ಹುಡುಗನ ಹೆಸರು ಬರದೈತಿ. ಇದನ್ನ ಇನ್ಯಾರು ತಗೊಂತಾರ?"

ಅದು ನಿಜವಾಗಿತ್ತು. ಹೆಸರು ಬೀಳುವ ತನಕ ಕೇಕಿಗೆ ಊರೆಲ್ಲ ಗಿರಾಕಿ. ಬಿದ್ದ ಮೇಲೆ ಒಬ್ಬನೇ. ನಾಗಲಕ್ಷ್ಮಿ ಗೋಡೆಗೆ ಒರಗಿದಳು. ಸಿಟ್ಟು ಕೂಡ ಬರಲಿಲ್ಲ. ಅದಕ್ಕೂ ಸೊಂಟ ಗಟ್ಟಿಯಿರಬೇಕು.

"ಯಾರೂ ತಗಳಂಗಿಲ್ಲರಿ ಸಾವ್ಕಾರ್ರೆ. ಆದ್ರ ಒಂದು ಹೇಳ್ತೀನಿ. ಭತ್ತ ನಿಮ್ಮ ಗೋದಾಮಿನಾಗ ಒಣಗತೈತಿ, ತೂಕ ಇಳಿತೈತಿ, ಅದಕ್ಕ ಸೂಟು ತಗಿತೀರಿ. ಸರಿನೇ. ಇದನ್ನ ಒಣಗಾಕ ಬಿಡ್ತೀರೇನು? ಇನ್ನ ಅರ್ಧ ತಾಸಿಗೆ ತೇವ ಸಮೇತ ಹೊಟ್ಟ್ಯಾಗ ಹೋಗತೈತಿ. ತೇವಾನೂ ನೀವೇ ತಿಂದು, ಸೂಟೂ ನೀವೇ ತಿಂದ್ರ ಹೆಂಗ್ರಿ?"

ಶಾಮಿಯಾನದ ಕೆಳಗಿದ್ದ ಇಬ್ಬರು ವ್ಯಾಪಾರಿಗಳು ಹೋ ಎಂದು ನಕ್ಕರು. "ಮರಿಬಸಪ್ಪ, ಸಿಕ್ಕಿಬಿದ್ದೆ! ಯಾರ ಮಗಳಪ್ಪ ಇಕಿ?"

ಮರಿಬಸಪ್ಪನವರ ಮೀಸೆ ಅಲುಗಿತು. ನಲವತ್ತು ವರ್ಷದಲ್ಲಿ ಸೂಟು ಕೊಡುವುದಿಲ್ಲ ಎಂದವರನ್ನು ಕಂಡಿದ್ದರು. ಸೂಟಿನ ಕಾರಣ ಕೇಳಿದವರನ್ನು ಕಂಡಿರಲಿಲ್ಲ. ಇನ್ನೆರಡು ನೂರರ ನೋಟು ಎಣಿಸಿ ಇಟ್ಟರು.

"ಮುಂದಿನ ವರ್ಷನೂ ನೀನೇ ಮಾಡಬೇಕು," ಎಂದರು ಶಿವಬಸಮ್ಮ ಬಾಗಿಲ ತನಕ ಬಂದು. "ಆದ್ರ ರೇಟು ಮಾತಾಡಾಕ ಆ ಮೇಡಂನ್ನೇ ಕರಿ. ಅಕಿ ವಾಸಿ, ನಿನಗಿಂತ ಮೆತ್ತಗದಾಳ."

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ಉಮಾಪತಿಗೆ ಫೋನು ಹಚ್ಚಿದಳು.

"ಬರ್ತೀಯಲ್ಲ ನಾಳಿಂದ?" ಎಂದ ಅವನು. ಹಿಂದಿನಿಂದ ಮಿಷನ್ನುಗಳ ಸದ್ದು ಕೇಳುತ್ತಿತ್ತು. ಅಲ್ಲಿ ಕುಳಿತು ಮಾಡುವ ಕೆಲಸ. ತಿಂಗಳಾದರೆ ಸಂಬಳ. ಯಾರೂ ಅಕ್ಕ ಎನ್ನುವುದಿಲ್ಲ. ಅವಳು ಒಂದು ಗಳಿಗೆ ಆ ಸದ್ದನ್ನೇ ಕೇಳಿದಳು.

"ಇಲ್ಲಣ್ಣ. ಬ್ಯಾರೆಯವರಿಗೆ ಕೊಟ್ಟುಬಿಡ್ರಿ."

"ವಿಚಾರ ಮಾಡೀಯೇನು?"

"ಮಾಡೀನಿ."

ಬಳ್ಳಾರಿ ಬಸ್ಸು ಬಂತು. ಸೀಟು ಸಿಕ್ಕಿತು, ಕಾಲು ಚಾಚಿದಳು. ತೆಕ್ಕಲಕೋಟೆ ಬರುವಷ್ಟರಲ್ಲಿ ನೆನಪಾಯಿತು: ನಾಳೆ ಕುರುಗೋಡಿನ ಜ್ಯೋತಿಗೆ ಎರಡು ಕಿಲೋದ್ದು, ಮೊಟ್ಟೆ ಇಲ್ಲದ್ದು ಕೊಡಬೇಕು. ಏಳುನೂರಕ್ಕೆ ಒಪ್ಪಿಕೊಂಡದ್ದು. ಮಾತು ಮಾತೇ. ಮನೆಗೆ ಹೋದಕೂಡಲೇ ಮೊಸರಿಗೆ ಹೆಪ್ಪು ಹಾಕಬೇಕಿತ್ತು.