ಕರೆಂಟು ತಾಗಿದ ಕತ್ತು

"ಕತ್ತು ಮುಚ್ಕಳೇ ಲೌಡಿ! ಜನ ಬರೋ ಹೊತ್ತಲ್ಲಿ ಗಡ್ಡೆ ತೋರಿಸ್ಕಂಡು ಕುಂತವ್ಳೆ!"

ತೋಟದ ಯಜಮಾನ ದೇವೀರಪ್ಪ ಎಸೆದ ಶಾಲು, ಕಾಯಿ ಸುಲಿಯುತ್ತಿದ್ದ ಮಂಜುಳಾಳ ಮುಖಕ್ಕೆ ಬಡಿಯಿತು. ಕೈಗೆ ಕೊಟ್ಟರೆ ಮೈಲಿಗೆಯಲ್ಲವೇ.

ಒಂಬತ್ತು ವರ್ಷದವಳಿದ್ದಾಗ ಅವಳ ತಲೆಯಲ್ಲಿ ಗಡ್ಡೆ ಬೆಳೆದಿತ್ತು. ಬೆಂಗಳೂರಿನ ಆಸ್ಪತ್ರೆಯವರು ಅದನ್ನು ಕೊಯ್ದು ತೆಗೆದು, ತಲೆಗೂ ಬೆನ್ನಿಗೂ ತಿಂಗಳೊಪ್ಪತ್ತು ರೇಡಿಯೇಷನ್, ಊರವರ ಬಾಯಲ್ಲಿ 'ಕರೆಂಟು', ಕೊಟ್ಟು ಉಳಿಸಿದರು. ಹೆಸರು ಬಂದದ್ದು ಮಾತ್ರ ದೇವೀರಪ್ಪನ ತೋಟದ ದೇವತೆ ಅಮ್ಮನಿಗೆ. ಅಲ್ಲಿಯವರೆಗೆ ನೆತ್ತಿಯ ಮೇಲೊಂದು ಹೆಂಚಿಲ್ಲದೆ ಕೂತಿದ್ದ ಅಮ್ಮನಿಗೆ ಗ್ರಾನೈಟ್ ಗುಡಿ, ಮೈಕು, ಗಂಡಸಿ ಊರಿಗೆ ಹೋಗುವ ರಸ್ತೆಯಲ್ಲೊಂದು ಬೋರ್ಡು, ಎಲ್ಲ ಬಂದವು. ಶುಕ್ರವಾರ ಬಂತೆಂದರೆ ಮಂಜುಳಾ ಗುಡಿಯ ಮುಂದೆ ಕಟ್ಟಿದ ಹಗ್ಗದಾಚೆ ನಿಂತು, 'ಅಮ್ಮನೇ ನನ್ನ ಉಳಿಸಿದ್ದು' ಎನ್ನಬೇಕು. ಒಳಗೆ ಕಾಲಿಡುವಂತಿಲ್ಲ.

ಈಗ ಕತ್ತಿನಲ್ಲಿ ಇನ್ನೊಂದು. ಹಾಸನದ ಡಾಕ್ಟರು ಬಿಡಿಸಿ ಹೇಳಿದ್ದರು: ಇದು ಹಳೆಯದಲ್ಲ, ಬೇರೆಯದೇ ಕ್ಯಾನ್ಸರು; ಅಂದಿನ ಕರೆಂಟು ಕತ್ತಿಗೂ ತಾಗಿದ್ದರಿಂದ ಬಂದಿರಬೇಕು; ಬೇಗ ಆಪರೇಷನ್ ಆದರೆ ವಾಸಿಯಾಗುತ್ತದೆ.

"ಕಾರ್ತೀಕ ಕಳೀಲಿ, ಆಮ್ಯಾಲೆ ಹೋಗೀವಂತೆ. ಈಗೇನಾದ್ರೂ ಬಾಯಿ ಬಿಟ್ಯೋ, ನಿಮ್ ಗುಡ್ಲಿಗೆ ಜೆಸಿಬಿ ತರಿಸ್ತೀನಿ," ಎಂದ ದೇವೀರಪ್ಪ.

"ಜಾಗ ಅವ್ರುದು ಕಣವ್ವ," ಎನ್ನುತ್ತ ತಾಯಿ ಹನುಮಮ್ಮ ಶಾಲು ಸುತ್ತಿದಳು. ಮಂಜುಳಾಗೆ ಸಿಟ್ಟಿಗಿಂತ ಸಾಯುವ ಭಯವೇ ಹೆಚ್ಚಾಗಿತ್ತು.

ಜನ ಸೇರಿದರು. ಹಗ್ಗದ ಪಕ್ಕದಲ್ಲೇ ಬೇಲೂರು ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಮಡಿಲಲ್ಲಿ, ವಾಂತಿ ಮಾಡಿ ಸುಸ್ತಾದ ಪುಟ್ಟ ಹುಡುಗಿ.

"ತಲೇಲಿ ಗಡ್ಡೆ ಅಂದವ್ರೆ. ಕೊಯ್ಸೋಕೆ ಹೆದ್ರಿ ಇಲ್ಲಿಗ್ ಬಂದೆ. ನಿನ್ನ ನೋಡಿ ಧೈರ್ಯ ಬಂತು ಕಣವ್ವ," ಎಂದಳು.

ಮಂಜುಳಾ ಸ್ಟೂಲಿನ ಮೇಲಿಟ್ಟ ಮೈಕು ಎತ್ತಿಕೊಂಡಳು. ಮಡಿಲಲ್ಲಿದ್ದ ಹುಡುಗಿಯ ಕಡೆ ನೋಡಿದಳು. ಶಾಲು ಕಿತ್ತೆಸೆದಳು.

"ನನ್ನ ಉಳಿಸಿದ್ದು ಆಸ್ಪತ್ರೆ ಕಣಕ್ಕ. ಆ ಕರೆಂಟಿಂದ್ಲೇ ಈಗ ಇದೂ ಬಂದೈತಂತೆ. ಆದ್ರೂ ಹದಿನೈದು ವರ್ಸ ಬದುಕಿವ್ನಿ. ನಿನ್ ಮಗೀನ ಎತ್ಕಂಡ್ ಹೋಗು!"

ದೇವೀರಪ್ಪ ಮೈಕಿನ ವೈರು ಕಿತ್ತ. "ಹಲ್ಕಾ ಮುಂಡೆ! ಯಾರೂ ಅವ್ಳ ಹತ್ರ ಹೋಗ್ಬ್ಯಾಡ್ರಿ, ಮೈಲಿಗೆ!"

ಮಂಜುಳಾ ಹಗ್ಗ ದಾಟಿ ಬಂದು, ಆ ಹೆಂಗಸಿನ ಕೈಯನ್ನು ಎಳೆದು ತನ್ನ ಕತ್ತಿಗೆ ಒತ್ತಿಕೊಂಡಳು. "ಮುಟ್ಟಿ ನೋಡಕ್ಕ. ಅಮ್ಮ ವಾಸಿ ಮಾಡೋ ಹಂಗಿದ್ರೆ ಇದ್ಯಾಕ್ ಇರ್ತಿತ್ತು?"

ಹೆಂಗಸು ಕೈ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

"ಹಾಸನದ ಬಸ್ಸು ಎಷ್ಟೊತ್ತಿಗೈತೆ?"

"ನಡಿ, ನಾನೂ ಬತ್ತೀನಿ," ಎಂದಳು ಮಂಜುಳಾ.