ಗಿಡ್ಡ ಹೆಸರಿನ ಫೈಲು

ಎಡಗಾಲಿನ ಚಪ್ಪಲಿಯ ಉಂಗುಷ್ಟಕ್ಕೆ ಪಿನ್ನು, ಲ್ಯಾಬಿನ ಬಾಗಿಲಾಚೆ ಎಲ್ಲರೂ ಬಿಟ್ಟ ಚಪ್ಪಲಿಗಳ ಸಾಲಿನಿಂದ ಅದೊಂದು ಜೋಡಿ ಮಾತ್ರ ಮತ್ತೆ ಕಾಲಿಗೇರಿದೆ, ಕಂಪ್ಯೂಟರ್ ಕಲಿಸುವ ದುರ್ಗಾಂಬಿಕಾಳ ಕಣ್ಣು ಅಲ್ಲೇ — ಆ ಹುಡುಗಿ ಜಗಳೂರು ಕಡೆಯಿಂದ ವರ್ಷದ ನಡುವೆ ನ್ಯಾಮತಿಗೆ ಬಂದವಳು, ಗೋವಿನಕೋವಿಯ ಅತ್ತೆ ಮನೆಯಿಂದ ದಿನಾ ಬಸ್ಸು, ಈಗ ಪರೀಕ್ಷೆ ಬರೆಯದೆ ಅದೇ ಬಸ್ಸು ಹತ್ತಬೇಕಂತೆ. ಕಂಪ್ಯೂಟರಿನಾಗೆ ಹೆಸರೇ ಬರ್ತಿಲ್ಲಲ್ರೀ ಮೇಡಂ, ನಾನೇನು ಮಾಡಾಕಾಗುತ್ತೆ, ಪ್ರಿನ್ಸಿಪಾಲ್ ಮಹೇಶ್ವರಪ್ಪನವರ ದನಿ, ಹತ್ತಕ್ಕೆ ಬಾಗಿಲು ಹಾಕಿಸ್ತೀನಿ. ಇನ್ನು ಎಂಟು ನಿಮಿಷ. ಬರುತ್ತಿಲ್ಲವೇ, ತಾನೇ ಕೈಯಾರೆ ಸೇರಿಸಿದ ಹೆಸರು, ಇದ್ದೇ ಇದೆ, ಹುಡುಕಿಯೇ ಏಳುವುದು, ಹುಡುಗಿಗೆ ಒಂದು ವರ್ಷ ಹೋಗುವುದೆಂದರೆ ಹುಡುಗಾಟವೇ — ಈ ಹಳೇ ಯುನಿಕ್ಸ್ ಸರ್ವರಿನಲ್ಲಿ ಪಟ್ಟಿ ಎರಡು, ಹೆಸರು ಕೊಟ್ಟು ಹುಡುಕುವುದೊಂದು, ನಂಬರು ಕೊಟ್ಟು ಹುಡುಕುವುದೊಂದು, ಅವುಗಳ ಉದ್ದುದ್ದ ಹೆಸರು ಯಾರು ಕುಟ್ಟುತ್ತಾರೆಂದು ‘ಮಕ್ಕಳು’ ಅಂತ ಒಂದು ಗಿಡ್ಡ ಹೆಸರು ಇಟ್ಟವಳೂ ತಾನೇ, ಆ ಗಿಡ್ಡ ಹೆಸರು ಯಾವ ಪಟ್ಟಿಗೆ ಹೋಗಬೇಕೆಂದು ಹೇಳಲು ಒಂದು ಪುಟ್ಟ ಫೈಲು, ಅದನ್ನು ತೆರೆದರೆ ಎಡಗಡೆ ‘ಮಕ್ಕಳು’, ಬಲಗಡೆ — ಅಯ್ಯೋ, ಬಲಗಡೆ ನಂಬರಿನ ಪಟ್ಟಿ. ಹೋದ ವಾರ ತಾನೇ ಬದಲಾಯಿಸಿದ್ದು, ಲ್ಯಾಬಿನಲ್ಲಿ ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ, ಹದಿನೇಳು ಬಾ, ಇಪ್ಪತ್ತೆರಡು ಕೂತ್ಕೋ, ಹಾಜರಿಯೂ ನಂಬರು, ಬೈಗುಳವೂ ನಂಬರು, ಉಳಿದವರೆಲ್ಲ ನಂಬರು ಹೇಳಿ ಒಳಗೆ ಹೋದರು, ಇವಳಿಗೆ ಆಫೀಸಿನಿಂದ ನಂಬರು ಇನ್ನೂ ಬಂದೇ ಇಲ್ಲ, ಸಾರ್ ಹೆಸರು ಕುಟ್ಟಿ ನೋಡಿದರು, ನಂಬರಿನ ಪಟ್ಟಿಯಲ್ಲಿ ಹೆಸರು ಎಲ್ಲಿಂದ ಸಿಗಬೇಕು. ನಾಚಿಕೆಯಾಗುತ್ತದೆ, ಸುಮ್ಮನೆ ತಿದ್ದಿ ತಪ್ಪನ್ನು ಮಷೀನಿನ ಮೇಲೆ ಹಾಕಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಬೇಡ. ತಪ್ಪು ನಂದು ಸಾರ್, ಮಷೀನಿಂದಲ್ಲ, ಹುಡುಗೀದೂ ಅಲ್ಲ, ಎರಡೇ ನಿಮಿಷ ಕೊಡ್ರಿ. ಅವರು ಗಡಿಯಾರ ನೋಡಿದರು, ದುರ್ಗಾಂಬಿಕಾ ನೋಡಲಿಲ್ಲ, ಬಲಗಡೆಯ ಸಾಲು ಅಳಿಸಿದಳು, ಹೆಸರಿನ ಪಟ್ಟಿ ಎಂದು ಬರೆದಳು, ಉಳಿಸಿದಳು, ಮತ್ತೆ ಹುಡುಕಿದಳು, ಒಂದು ಸಾಲು ಮೂಡಿತು. ಐತಲ್ರೀ, ಅಂದರು ಮಹೇಶ್ವರಪ್ಪ, ಕರೀರಿ ಮತ್ತೆ. ಕರೆಯಬೇಕು, ಬಾಯಿಗೆ ಮೊದಲು ಬಂದದ್ದು ನಂಬರು, ಆದರೆ ಇವಳಿಗೆ ನಂಬರಿಲ್ಲ, ನಾಲ್ಕು ತಿಂಗಳಲ್ಲಿ ಇವಳನ್ನು ತಾನು ಏನೆಂದು ಕರೆದದ್ದು, ಏ ಹೊಸಬಳೇ, ಏ ಜಗಳೂರು, ಒಮ್ಮೆಯೂ — ಚೌಡೇಶ್ವರಿ, ಒಳಗೆ ಬಾರಮ್ಮ. ಹುಡುಗಿ ಆ ಕಡೆ ಈ ಕಡೆ ನೋಡಿದಳು, ಬೇರೆ ಯಾರನ್ನೋ ಕರೆದರೇನೋ ಎಂಬಂತೆ, ಆಮೇಲೆ ಎಡಗಾಲು ಚಪ್ಪಲಿಯಿಂದ ಮೆಲ್ಲಗೆ ಹೊರಬಂತು, ಹೊಸ್ತಿಲಾಚೆ ಉಳಿದದ್ದು ಪಿನ್ನು, ಉಂಗುಷ್ಟಕ್ಕೆ ಹಾಕಿದ ಆ ಪಿನ್ನು.