ಬರೀ ಅವಳ ದನಿ

ನನ್ನದು ಮೂರು ಕುರ್ಚಿಯ ಕಟಿಂಗ್ ಅಂಗಡಿ. ದಿನಕ್ಕೆ ಇಪ್ಪತ್ತು ಗಂಟಲಾದರೂ ನನ್ನ ಕತ್ತಿಯ ಕೆಳಗೆ ಬಂದು ಹೋಗುತ್ತವೆ. ಯಾರಿಗೆ ನೆಗಡಿ, ಯಾರಿಗೆ ನಿದ್ದೆಗೇಡು, ಯಾರು ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾರೆ ಎಂದು ಗಂಟಲು ನೋಡಿಯೇ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನನ್ನ ಮಗಳ ಗಂಟಲು ಮಾತ್ರ ನನಗೆ ತಿಳಿಯಲಿಲ್ಲ. ಅದನ್ನು ತಿಳಿಸಿಕೊಟ್ಟವರು ಬೇರೊಬ್ಬರು.

ಆಗ ಅವಳಿಗೆ ಒಂಬತ್ತು. ಯಾವ ಹಾಡೇ ಆಗಲಿ, ಒಂದು ಸಲ ಕಿವಿಗೆ ಬಿದ್ದರೆ ಸಾಕು, ಅವಳ ಬಾಯಲ್ಲಿ ಕುಣಿಯುತ್ತಿತ್ತು. ಟಿವಿಯಲ್ಲಿ ಮಕ್ಕಳ ಹಾಡಿನ ಸ್ಪರ್ಧೆ ಶುರುವಾದಾಗ ನಾನೇ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದೆ. ಆಯ್ಕೆಯಾದಳು. ವಾರ ವಾರವೂ ಗೆದ್ದು ಕೊನೆಯ ಆರು ಮಕ್ಕಳಲ್ಲಿ ಒಬ್ಬಳಾಗಿ ಉಳಿದಳು. ನನ್ನ ಕಾಲು ನೆಲದ ಮೇಲಿರಲಿಲ್ಲ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತವರಿಗೆಲ್ಲ ಅವಳದೇ ಕಥೆ. ಅರ್ಧ ಗಡ್ಡದಲ್ಲಿ ಎದ್ದು ಹೋಗುವಂತಿಲ್ಲವಲ್ಲ, ಪಾಪ, ಕೇಳಿಸಿಕೊಳ್ಳುತ್ತಿದ್ದರು.

ಅಲ್ಲಿ ಹಾಡಿಸುತ್ತಿದ್ದುದೆಲ್ಲ ದೊಡ್ಡವರ ಹಾಡುಗಳೇ. ಒಂದು ದಿನ ಅಭ್ಯಾಸ ಮಾಡುತ್ತಾ ಮಗಳು ಕೇಳಿದಳು, "ಅಪ್ಪಾ, ವಿರಹ ಅಂದ್ರೇನು?"

"ಬಸ್ಸು ಕಣ್ಮುಂದೇನೇ ಹೊರಟುಹೋದ್ರೆ ಹೊಟ್ಟೇಲಿ ಹೇಗಾಗುತ್ತೆ? ಅದೇ."

ಆ ವಾರ ಅವಳು ತಪ್ಪಿಹೋದ ಬಸ್ಸನ್ನು ನೆನೆದುಕೊಂಡು ಹಾಡಿದಳು. ತೀರ್ಪುಗಾರರು ಕಣ್ಣೊರೆಸಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ನನ್ನವಳು ನಗಲಿಲ್ಲ. "ಆ ಹಾಡಿಗೆ ಸೊಂಟ ಹಾಗೆ ಆಡಿಸು ಅಂತ ಮಗೂಗೆ ಯಾರ್ರೀ ಹೇಳ್ಕೊಟ್ಟಿದ್ದು?" ಎಂದಳು.

"ಈಗೆಲ್ಲ ಹಾಗೇನೇ. ನಿಂಗೇನ್ ಗೊತ್ತು, ಸುಮ್ನಿರು," ಎಂದು ಅವಳ ಬಾಯಿ ಮುಚ್ಚಿಸಿದೆ.

ಸೆಮಿಫೈನಲ್ ದಿನ ಬಂತು. ಮಧ್ಯಾಹ್ನ ರಿಹರ್ಸಲ್, ಸಂಜೆ ಚಿತ್ರೀಕರಣ. ರಿಹರ್ಸಲ್ ಮುಗಿದ ಮೇಲೆ ನಾನು ಓಣಿಯಂಥ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಕಾರ್ಯಕ್ರಮದ ಧ್ವನಿ ನೋಡಿಕೊಳ್ಳುವವರು ಬಾಗಿಲು ತೆರೆದು ತಲೆ ಹೊರಹಾಕಿದರು. ಐವತ್ತು ದಾಟಿದ ಮನುಷ್ಯ. ಊಟ ಮಾಡುವಾಗಲೂ ಕುತ್ತಿಗೆಯಲ್ಲಿ ಹೆಡ್‌ಫೋನ್ ನೇತಾಡುತ್ತಿತ್ತು, ಮಕ್ಕಳೆಲ್ಲ ಅವರನ್ನು ಕಿವಿಮಾಮ ಎಂದೇ ಕರೆಯುತ್ತಿದ್ದರು.

"ಒಂದ್ನಿಮಿಷ ಒಳಗೆ ಬರ್ತೀರಾ?" ಎಂದರು.

ಒಳಗೆ ಸಣ್ಣ ಕೋಣೆ, ನೂರಾರು ಗುಂಡಿಗಳ ಮೇಜು. ಹೆಡ್‌ಫೋನನ್ನು ನನ್ನ ಕಿವಿಗೆ ತಾವೇ ಹಾಕಿದರು. "ಈಗ ನಿಮ್ಮ ಮಗಳು ಹಾಡಿದ್ದು ಇದು. ವಾದ್ಯ ಎಲ್ಲ ತೆಗೀತೀನಿ. ಬರೀ ಅವಳ ದನಿ ಕೇಳಿ."

ಡ್ರಮ್ಮು ಹೋಯಿತು, ಗಿಟಾರು ಹೋಯಿತು, ಹಿಂದಿನಿಂದ ದನಿಗೂಡಿಸುತ್ತಿದ್ದವರೂ ಹೋದರು. ಉಳಿದದ್ದನ್ನು ಕೇಳಿ ನನಗೆ ಗುರುತೇ ಸಿಗಲಿಲ್ಲ. ಮೇಲಿನ ಸ್ವರ ಬಂದಾಗಲೆಲ್ಲ ದನಿ ಸೀಳಿ, ನಡುವೆ ಬರೀ ಗಾಳಿ ಬರುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಕಷ್ಟಪಟ್ಟು ಉಗುಳು ನುಂಗುವ ಸಣ್ಣ ಸದ್ದು. ಹಾಡು ಮುಗಿದ ಮೇಲೆ, ಉಡುಪು ಸರಿಮಾಡಲು ಬಂದ ಹೆಂಗಸಿನ ದನಿ ಕೇಳಿತು: "ನೋಯ್ತಿದ್ಯೇನಮ್ಮಾ?"

"ನುಂಗಿದ್ರೆ ಚುಚ್ಚುತ್ತೆ ಆಂಟಿ. ಅಪ್ಪಂಗೆ ಹೇಳ್ಬೇಡಿ. ಅಪ್ಪ ಅಂಗಡೀಲಿ ಎಲ್ಲರಿಗೂ ಹೇಳ್ಬಿಟ್ಟಿದಾರೆ."

ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

"ಮೈಕ್ ಆನ್ ಇತ್ತು," ಎಂದರು ಕಿವಿಮಾಮ. "ಮಗು ಗುಟ್ಟನ್ನ ನಿಮಗೆ ಕೇಳಿಸಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಮೂರು ವಾರದಿಂದ ಈ ದನಿ ಕೇಳ್ತಾ ಇದೀನಿ. ಇನ್ನು ಸುಮ್ನಿದ್ರೆ ನಂಗೆ ಅನ್ನ ಇಳಿಯಲ್ಲ."

ಅಷ್ಟರಲ್ಲಿ ನಿರ್ದೇಶಕಿ ಬಂದರು. ಕೆಟ್ಟವರಲ್ಲ, ಮಕ್ಕಳಿಗೆ ಹಣ್ಣು ಕತ್ತರಿಸಿ ಕೊಡುತ್ತಿದ್ದವರು. ವಿಷಯ ಕೇಳಿ ಮುಖ ಸಪ್ಪಗಾಯಿತು. "ಇವತ್ತೊಂದಿನ ಹಾಡಿಬಿಡ್ಲಿ. ಎಲ್ಲೆಲ್ಲಿ ಒಡೆಯುತ್ತೋ ಅಲ್ಲಲ್ಲಿ ಇವರು ಮಿಷಿನ್ನಲ್ಲಿ ಸರಿಮಾಡ್ತಾರೆ. ಯಾರಿಗೂ ಗೊತ್ತಾಗಲ್ಲ."

"ಹಾಡು ಸರಿಮಾಡಬಹುದು ಮೇಡಂ," ಎಂದರು ಕಿವಿಮಾಮ. "ಗಂಟಲು ಸರಿಮಾಡೋ ಗುಂಡಿ ಇಲ್ಲಿಲ್ಲ. ನಾನಂತೂ ಮಾಡಲ್ಲ. ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ."

ನಿರ್ದೇಶಕಿ ನನ್ನ ಕಡೆ ತಿರುಗಿದರು. "ಅಪ್ಪ ನೀವು. ನೀವೇ ಹೇಳಿ."

ಆಗ ಥಟ್ಟನೆ "ಬೇಡ" ಎಂದೆ ಎಂದು ಬರೆಯಬೇಕೆಂದು ಆಸೆ. ಆದರೆ ಹಾಗಾಗಲಿಲ್ಲ. ಅಂಗಡಿಯಲ್ಲಿ ಟಿವಿ ಮುಂದೆ ಹಾಕಿಸಿಟ್ಟ ಬೆಂಚುಗಳು ಕಣ್ಣ ಮುಂದೆ ಬಂದವು. ಕಾರ್ಯಕ್ರಮ ಬರುವ ಭಾನುವಾರ ಅಲ್ಲಿ ಕೂರುವವರ ಮುಖ ಒಂದೊಂದಾಗಿ ಬಂತು. ಪೂರ್ತಿ ಒಂದು ನಿಮಿಷ ಬಾಯಿ ಬಿಡದೆ ನಿಂತಿದ್ದೆ. ಆ ನಿಮಿಷದ ನಾಚಿಕೆ ಇವತ್ತಿಗೂ ಹೋಗಿಲ್ಲ. ಆಮೇಲೆ, "ಮನೆಗೆ ಕರ್ಕೊಂಡು ಹೋಗ್ತೀನಿ," ಎಂದೆ.

ಮಗಳು ಥಳಥಳಿಸುವ ಅಂಗಿಯಲ್ಲಿ ರಂಪ ಮಾಡಿದಳು. "ನಂಗೇನೂ ನೋವಿಲ್ಲ!" ಎಂದು ಕೂಗಿದಳು. ಆ ಕೂಗೇ ಅರ್ಧದಲ್ಲಿ ಒಡೆಯಿತು. ಕಿವಿಮಾಮನ ಮುಖ ಕೂಡ ನೋಡದೆ ಹೊರಟಳು.

ಮರುದಿನ ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ತೋರಿಸಿದರು. ದನಿ ಹೊರಡುವ ಜಾಗದಲ್ಲಿ ಎರಡು ಪುಟ್ಟ ಗಂಟುಗಳು. "ಇನ್ನೂ ಮೆತ್ತಗಿವೆ, ಸದ್ಯ, ಬೇಗ ಬಂದ್ರಿ," ಎಂದರು. ಎರಡು ವಾರ ಒಂದು ಮಾತೂ ಆಡಬಾರದು, ಆಮೇಲೆ ಮೂರು ತಿಂಗಳು ಹಾಡುವಂತಿಲ್ಲ.

ಚಿನಕುರಳಿಯಂಥ ಹುಡುಗಿ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಓಡಾಡುವುದನ್ನು ನೋಡಲಾಗಲಿಲ್ಲ. ಆ ಎರಡು ವಾರ ನಾನೂ ಮಾತು ಬಿಟ್ಟೆ. ಕೈಸನ್ನೆಯಲ್ಲೇ ಅಂಗಡಿ ನಡೆಸಿದೆ. ಸುದ್ದಿ ಹರಡಿ ಜನ ನೋಡಲೆಂದೇ ಬರುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಕನ್ನಡಿಯಲ್ಲಿ ಗಲ್ಲ ಸವರಿಕೊಂಡು, "ಹದಿನೈದು ವರ್ಷಕ್ಕೆ ಇವತ್ತು ನೆಮ್ಮದಿಯಾಗಿ ಗಡ್ಡ ಮಾಡಿಸ್ಕೊಂಡೆ ಕಣಯ್ಯಾ," ಎಂದರು.

ಮೊದಲ ಐದು ದಿನ ಮಗಳು ನನ್ನತ್ತ ತಿರುಗಿಯೂ ನೋಡಲಿಲ್ಲ. ಆರನೆಯ ದಿನ ಸ್ಲೇಟು ತಂದು ಮುಂದೆ ಹಿಡಿದಳು. "ನೀವ್ಯಾಕೆ ಮಾತಾಡಲ್ಲ?" ಎಂದು ಬರೆದಿದ್ದಳು.

ಕೆಳಗೆ ಬರೆದೆ: "ನಾನು ಜಾಸ್ತಿ ಮಾತಾಡಿದ್ದಕ್ಕೇ ನಿನಗೆ ಹೀಗಾಯಿತು. ಶಮಿಸು."

ಓದಿದಳು. ಬಳಪ ತೆಗೆದುಕೊಂಡು 'ಶ' ಹೊಡೆದುಹಾಕಿ 'ಕ್ಷ' ಬರೆದಳು. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನನ್ನವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಹತ್ತಿರವೂ ಸ್ಲೇಟು ಹಿಡಿದು ಹೋಗುವುದು ಬಾಕಿಯಿತ್ತು. ಹೋದೆ.

ನಾಲ್ಕನೆಯ ತಿಂಗಳಿಗೆ ಗಂಟು ಕರಗಿತ್ತು. ಕಿವಿಮಾಮನಿಗೆ ಹೇಳೋಣವೆಂದು ಫೋನ್ ಮಾಡಿದರೆ, ಆ ಕಾರ್ಯಕ್ರಮಕ್ಕೆ ಅವರನ್ನು ಮತ್ತೆ ಕರೆಯಲಿಲ್ಲ ಎಂದು ತಿಳಿಯಿತು. ಕಣ್ಣು ಕಾಣದ ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡುವ ಕಡೆ ಸೇರಿಕೊಂಡಿದ್ದರು. ಮಗಳನ್ನೂ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಟ್ಟುಕೊಂಡಿದ್ದವನು ಅವರನ್ನು ಕಂಡದ್ದೇ ಕೈಮುಗಿದು ನಿಂತುಬಿಟ್ಟೆ.

"ನಾನೇನ್ ಮಾಡ್ದೆ? ಕೇಳಿಸ್ಕೊಳ್ಳೋದೇ ನನ್ನ ಕೆಲಸ," ಎಂದರು.

"ನಮ್ಮಿಂದ ನಿಮ್ಮ ಕೆಲಸ..." ಎಂದೆ.

"ಅಯ್ಯೋ ಬಿಡಿ. ಇಲ್ಲಿ ಚಪ್ಪಾಳೆ ಸದ್ದಿಲ್ಲ, ಕಿವಿಗೆ ಹಿತವಾಗಿದೆ."

ಮಗಳು ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಈಚೆ ಬಂದಳು. "ಮಾಮಾ, ನಾನು ಇನ್ನು ಹಾಡಬಹುದಂತೆ."

"ಹಾಡ್ಬೇಕು ಅನ್ಸುತ್ತಾ?"

ಆ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ. ಅವಳು ಅವರ ಮುಖ ನೋಡಿ ಹೇಳಿದಳು, "ಅನ್ಸುತ್ತೆ. ಆದ್ರೆ ಯಾವ ಹಾಡು ಅಂತ ನಾನೇ ಹೇಳ್ತೀನಿ."

ಈಗ ಅವಳಿಗೆ ಇಪ್ಪತ್ನಾಲ್ಕು. ವಾರವೆಲ್ಲ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಬಿಡುವಿನಲ್ಲಿ ನಾಲ್ವರು ಗೆಳತಿಯರೊಂದಿಗೆ ಸಣ್ಣ ಸಭಾಂಗಣಗಳಲ್ಲಿ ಹಾಡುತ್ತಾಳೆ. ಟಿವಿಗೆ ಮತ್ತೆ ಹೋಗಲಿಲ್ಲ. ಅವಳು ಮನೆಯಲ್ಲಿ ಗುನುಗಿದಾಗಲೆಲ್ಲ ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ ಎಂದುಕೊಳ್ಳುತ್ತೇನೆ. ಅಂದು ಆಫ್ ಮಾಡಲು ಮರೆತಿದ್ದ ಆ ಮೈಕಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಹೋದ ತಿಂಗಳ ಕಾರ್ಯಕ್ರಮದಲ್ಲಿ ನಾನೂ ನನ್ನವಳೂ ಹಿಂದಿನ ಸಾಲಿನಲ್ಲಿದ್ದೆವು. ಮಗಳು ಹಾಡಿನ ನಡುವೆ ನಿಲ್ಲಿಸಿ, "ಒಂದು ನಿಮಿಷ," ಎಂದು ಜನಕ್ಕೆ ಹೇಳಿ ನೀರು ಕುಡಿದಳು. ಅವಸರವಿಲ್ಲದೆ ಬಾಟಲಿಯ ಮುಚ್ಚಳ ತಿರುಗಿಸಿದಳು. ಎಲ್ಲರೂ ಕಾದರು. ನನ್ನವಳು ನನ್ನ ಕೈ ಹಿಡಿದುಕೊಂಡಳು. ಮಗಳು ಹಾಡಿನ ಮುಂದಿನ ಸಾಲು ಎತ್ತಿಕೊಂಡಳು.